ಜೊನಾಥನ್ ರಿಚ್‌ಮನ್: ಮೊದಲ ಆಲ್ಬಮ್ ಕೊನೆಗೆ ಕೇಳಿ

ಅಮೆರಿಕದ ಹಾಡುಗಾರ ಜೊನಾಥನ್ ರಿಚ್‌ಮನ್ ಬಗ್ಗೆ ಯಾರನ್ನೇ ಕೇಳಿ, ಒಂದೇ ಉತ್ತರ ಬರುತ್ತದೆ. 'ದಿ ಮಾಡರ್ನ್ ಲವರ್ಸ್' ಅನ್ನೋ ಮೊದಲ ಆಲ್ಬಮ್ ಕೇಳಿ, ಅಷ್ಟು ಸಾಕು, ಆಮೇಲಿನದ್ದೆಲ್ಲ ಹುಡುಗಾಟ. ನಾನು ಈ ಚಳಿಗಾಲದಲ್ಲಿ ಆ ಹುಡುಗಾಟವನ್ನೇ ಹಿಡಿದು ಕೂತೆ. 1976ರಿಂದ 2025ರವರೆಗೆ ಬಂದ ಆಲ್ಬಮ್‌ಗಳಲ್ಲಿ ಸಿಕ್ಕಷ್ಟನ್ನೂ ಕೇಳಿದೆ. ಈಗ ನನ್ನ ಅಭಿಪ್ರಾಯ ಪೂರ್ತಿ ಉಲ್ಟಾ. ಮೊದಲ ಆಲ್ಬಮ್ ಚೆನ್ನಾಗಿಲ್ಲ ಅಂತಲ್ಲ. ಆದರೆ ಅಂಥದ್ದನ್ನು ಇನ್ನೂ ನಾಲ್ಕು ಜನ ಮಾಡಿಯಾರು. ಆ ಹುಡುಗಾಟಕ್ಕೆ ಇವನೊಬ್ಬನೇ ಆಗಬೇಕು.

ನನಗೆ ಈತ ಸಿಕ್ಕಿದ್ದು ಊರಿನ ನೆಪದಲ್ಲಿ. ನಾವಿರುವುದು ಮೆಸಾಚುಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿ. ಒಂದು ಕಡೆ ಆ್ಯಶ್‌ಲ್ಯಾಂಡ್, ಇಲ್ಲಿನ ನಮ್ಮವರಿಗೆಲ್ಲ ಗೊತ್ತಿರುವ ಲಕ್ಷ್ಮೀ ದೇವಸ್ಥಾನದ ಊರು. ಇನ್ನೊಂದು ಕಡೆ ನೇಟಿಕ್. ರಿಚ್‌ಮನ್ ಹುಟ್ಟಿದ್ದು ಆ ನೇಟಿಕ್‌ನಲ್ಲಿ, 1951ರಲ್ಲಿ. ಅದೇ ವರ್ಷ ನಮ್ಮೂರಲ್ಲಿ ಶಾಪರ್ಸ್ ವರ್ಲ್ಡ್ ತೆರೆಯಿತು. ಅಮೆರಿಕದ ತೀರಾ ಹಳೆಯ ಮಾಲ್‌ಗಳಲ್ಲಿ ಅದೂ ಒಂದು. ಈತನ ಹಾಡುಗಳಲ್ಲಿ ಅಂಗಡಿ, ಕಾರು, ಹೆದ್ದಾರಿ ಇಷ್ಟೊಂದು ಯಾಕೆ ಅಂತ ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲ ಆಲ್ಬಮ್‌ನ 'ರೋಡ್‌ರನ್ನರ್' ಹಾಡಲ್ಲಿ ಬರುವ ರೂಟ್ 128 ನಾನು ಆಫೀಸಿಗೆ ಹೋಗುವ ರಸ್ತೆ. ಬೋರ್ಡಿನಲ್ಲಿ 95 ಅಂತ ಬರೆದಿದ್ದರೂ ಜನರ ಬಾಯಲ್ಲಿ ಅದು 128. ಅದೇ ಹಾಡಲ್ಲಿ ಸ್ಟಾಪ್ ಅಂಡ್ ಶಾಪ್ ಕೂಡ ಬರುತ್ತದೆ, ನಾವು ಹಾಲು, ಮೊಸರು ತರುವ ಅಂಗಡಿ. ಇಂಥದ್ದನ್ನೂ ಹಾಡು ಮಾಡಬಹುದಾ ಅನ್ನಿಸಿತು. ಹಾಡಿನ ಕಥೆ ಇಷ್ಟೇ: ರಾತ್ರಿ ಹೊತ್ತು, ಚಳಿ, ರೇಡಿಯೋ ಹಾಕಿಕೊಂಡು ಜೋರಾಗಿ ಕಾರು ಓಡಿಸುವುದು. ಗಿಟಾರಿನಲ್ಲಿ ಹೆಚ್ಚುಕಮ್ಮಿ ಎರಡೇ ಕಾರ್ಡ್, ಅಂದರೆ ಎರಡೇ ಸ್ವರಗುಚ್ಛ. ಇದನ್ನು ರಾಜ್ಯದ ಅಧಿಕೃತ ರಾಕ್ ಹಾಡು ಮಾಡಿ ಅಂತ 2013ರಲ್ಲಿ ಇಲ್ಲಿ ಮಸೂದೆಯನ್ನೇ ತಂದಿದ್ದರು. ಸಂಜೆ ಐದಕ್ಕೆ 128ರಲ್ಲಿ ನಿಂತುಕೊಂಡು ಮಾತ್ರ ಇದನ್ನು ಕೇಳಬೇಡಿ, ಹೊಟ್ಟೆ ಉರಿಯುತ್ತದೆ.

ಆ ಮೊದಲ ಆಲ್ಬಮ್‌ದು ವಿಚಿತ್ರ ಕಥೆ. ರಿಚ್‌ಮನ್ ಹದಿಹರೆಯದಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ಅನ್ನೋ ನ್ಯೂಯಾರ್ಕಿನ ರಾಕ್ ತಂಡದ ಹುಚ್ಚು ಹಿಡಿಸಿಕೊಂಡವನು. 1969ರಲ್ಲಿ ನ್ಯೂಯಾರ್ಕಿಗೆ ಹೋಗಿ ಆ ತಂಡದ ಮ್ಯಾನೇಜರ್ ಮನೆಯ ಸೋಫಾದ ಮೇಲೆ ಮಲಗಿ ಕಾಲ ಕಳೆದ. ವಾಪಸ್ ಬಂದು 'ದಿ ಮಾಡರ್ನ್ ಲವರ್ಸ್' ಅನ್ನೋ ತನ್ನದೇ ತಂಡ ಕಟ್ಟಿದ. ಆ ತಂಡದಲ್ಲಿದ್ದ ಜೆರ್ರಿ ಹ್ಯಾರಿಸನ್ ಆಮೇಲೆ ಟಾಕಿಂಗ್ ಹೆಡ್ಸ್ ಸೇರಿದ, ಡೇವಿಡ್ ರಾಬಿನ್‌ಸನ್ ದಿ ಕಾರ್ಸ್ ಸೇರಿದ. ಹೆಚ್ಚಿನ ಹಾಡುಗಳನ್ನು ಮೊದಲು ವೆಲ್ವೆಟ್‌ನಲ್ಲಿದ್ದ ಜಾನ್ ಕೇಲ್ 1972ರಲ್ಲಿ ರೆಕಾರ್ಡ್ ಮಾಡಿಸಿದ್ದ. ಆಲ್ಬಮ್ ಹೊರಗೆ ಬಂದಿದ್ದು 1976ರಲ್ಲಿ. ಅಷ್ಟರಲ್ಲಿ ಆ ತಂಡ ಒಡೆದಾಗಿತ್ತು, ಹಾಡುಗಾರನ ಮನಸ್ಸೂ ಬದಲಾಗಿತ್ತು. ಇಂಗ್ಲೆಂಡಿನ ಪಂಕ್ ಅನ್ನೋ ಗದ್ದಲದ ರಾಕ್ ಸಂಗೀತದ ಹುಡುಗರು ಇವನನ್ನು ಗುರು ಅಂತ ಹೊತ್ತು ಮೆರೆಸುವ ಹೊತ್ತಿಗೆ, ಗುರು ಸದ್ದನ್ನೇ ಬಿಟ್ಟಿದ್ದ. ಪುಟ್ಟ ಮಗುವಿನ ಕಿವಿಗೆ ನೋವಾಗುವ ಸಂಗೀತ ನನಗೆ ಬೇಡ ಅಂತ ಹಟ. ವಾಲ್ಯೂಮ್ ತಗ್ಗಿಸಿ ಅಂತ ತನ್ನ ತಂಡದವರ ಜೊತೆಯೇ ಜಗಳ.

ಆ ಹಟದಿಂದ ಬಂದಿದ್ದೇ ನಾನು ಹೇಳುವ ಹುಡುಗಾಟ. 1976ರಲ್ಲೇ ಬಂದ ಎರಡನೇ ಆಲ್ಬಮ್ ತೆಗೆಯಿರಿ. ಹಿಮಮಾನವ ಸೂಪರ್‌ಮಾರ್ಕೆಟ್‌ಗೆ ಬರುವ ಬಗ್ಗೆ ಒಂದು ಹಾಡಿದೆ. ಹುಳವನ್ನು ಮಾತಾಡಿಸುವ ಒಂದು ಹಾಡಿದೆ. ಎಲ್ಲ ಊರಿನ ಶಾಪಿಂಗ್ ಸೆಂಟರ್‌ಗಳೂ ಒಂದೇ ಥರ ಕಾಣುತ್ತವಲ್ಲ, ಅದರ ಬಗ್ಗೆಯೂ ಒಂದು. ಮುಂದಿನ ವರ್ಷ ಐಸ್‌ಕ್ರೀಮ್ ಗಾಡಿಯವನ ಹಾಡು ಬಂತು. ಅದರ ಲೈವ್ ರೆಕಾರ್ಡಿಂಗ್ ಕೇಳಬೇಕು. ಹಾಡು ಮುಗಿಯುತ್ತದೆ, ಜನ ಚಪ್ಪಾಳೆ ಹೊಡೆಯುತ್ತಾರೆ, ಈತ ಮತ್ತೆ ಮೊದಲಿಂದ ಶುರು ಮಾಡುತ್ತಾನೆ. ಮತ್ತೆ ಮುಗಿಯುತ್ತದೆ, ಮತ್ತೆ ಶುರು. ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು, ಕೊನೆಗೆ ನೀವೂ ಜೊತೆಗೆ ಹಾಡುತ್ತಿರುತ್ತೀರಿ.

ನಮ್ಮನೆಯವರು ಅಡುಗೆಮನೆಯಿಂದಲೇ ಕೇಳಿದರು, "ಇವನಿಗೆ ಶ್ರುತಿ ಅಂದ್ರೆ ಏನೂಂತ ಗೊತ್ತೇನೇ?" ಗೊತ್ತಿದೆ, ಆದರೆ ತಲೆ ಕೆಡಿಸಿಕೊಳ್ಳಲ್ಲ ಅಂದೆ. ನಾನು ಶಿವಮೊಗ್ಗದಲ್ಲಿ ಹತ್ತನೇ ಕ್ಲಾಸಿನವರೆಗೂ ಸಂಗೀತದ ಪಾಠಕ್ಕೆ ಹೋದವಳು. ಈತನ ಮೂಗಿನ ದನಿ, ಸ್ವರದ ಪಕ್ಕಕ್ಕೆ ಬಂದು ನಿಲ್ಲುವುದು, ಇವೆಲ್ಲ ಮೊದಮೊದಲು ನನಗೂ ಕಿರಿಕಿರಿಯೇ. ಆದರೆ ತಾಳ ನೋಡಿ, ಒಂದು ಕಡೆಯೂ ತಪ್ಪಲ್ಲ. ಮಾತಿನ ಲಯಕ್ಕೆ ಹಾಡನ್ನು ಬಗ್ಗಿಸುತ್ತಾನೆ. ಸಾಲು ಉದ್ದ ಆಯ್ತಾ, ಉಸಿರು ಬಿಗಿಹಿಡಿದು ಅದರೊಳಗೇ ತುಂಬುತ್ತಾನೆ.

ಇನ್ನು ನನ್ನ ಲೆಕ್ಕದಲ್ಲಿ ಶುರು ಮಾಡಬೇಕಾದ ಜಾಗ: 1983ರ 'ಜೊನಾಥನ್ ಸಿಂಗ್ಸ್!'. ಇದರಲ್ಲಿ 'ದಟ್ ಸಮ್ಮರ್ ಫೀಲಿಂಗ್' ಇದೆ. ಬೇಸಿಗೆ ರಜೆಯ ಹಾಡು ಅಂದರೆ ನಾವು ಏನು ಅಂದುಕೊಳ್ಳುತ್ತೇವೆ? ಅಜ್ಜಿ ಮನೆ, ಮಾವಿನ ಹಣ್ಣು, ಹೊಳೆಯಲ್ಲಿ ಈಜು, ಆಹಾ ಆ ಕಾಲ. ಈತ ಮಾಡುವುದು ಬೇರೆ. ಆ ಬೇಸಿಗೆಯನ್ನು ಸಿಹಿಯಾಗಿಯೇ ಬಣ್ಣಿಸುತ್ತಾನೆ, ಆಮೇಲೆ ಹುಷಾರು ಅನ್ನುತ್ತಾನೆ. ಈ ನೆನಪು ನಿಮ್ಮನ್ನು ಜೀವನಪೂರ್ತಿ ಬಿಡಲ್ಲ, ಕಾಡುತ್ತದೆ ಅಂತ ಪದೇಪದೇ ಹೇಳುತ್ತಾನೆ. ರಾಗ ಮಾತ್ರ ಅಷ್ಟೇ ನಿರಾಳ. ಊರು ಬಿಟ್ಟು ಇಷ್ಟು ದೂರ ಬಂದು ಕೂತವರಿಗೆ ಇದು ಸುಮ್ನೆ ಕೇಳಿ ಬಿಡುವ ಹಾಡಲ್ಲ. 1992ರಲ್ಲಿ ಇದನ್ನೇ ಮತ್ತೆ ಹಾಡಿದ, ಕಮ್ಮಿ ವಾದ್ಯ ಇಟ್ಟುಕೊಂಡು. ಆ ಎರಡನೆಯದೇ ನನಗೆ ಜಾಸ್ತಿ ಇಷ್ಟ. ವಯಸ್ಸಾದ ದನಿಗೆ ಆ ಎಚ್ಚರಿಕೆ ಒಪ್ಪುತ್ತದೆ.

1985ರ 'ರಾಕಿನ್ ಅಂಡ್ ರೊಮ್ಯಾನ್ಸ್' ಇನ್ನೂ ಚಿಕ್ಕ ದನಿಯದ್ದು. ಕೈಗೆ ಸಿಕ್ಕಿದ್ದರ ಮೇಲೆಲ್ಲ ಹಾಡು: ಜೀನ್ಸ್ ಪ್ಯಾಂಟು, ಚೂಯಿಂಗ್ ಗಮ್ ಕಾಗದ, ಸಮುದ್ರ ತೀರ, ವ್ಯಾನ್ ಗಾಗ್. ನನ್ನ ಮೆಚ್ಚಿನದು ವಾಲ್ಟರ್ ಜಾನ್ಸನ್ ಅನ್ನೋ ಹಳೆಯ ಬೇಸ್‌ಬಾಲ್ ಆಟಗಾರನ ಮೇಲಿನ ಹಾಡು. ಭಾರಿ ವೇಗದಲ್ಲಿ ಚೆಂಡು ಎಸೆಯುತ್ತಿದ್ದ ಮನುಷ್ಯ. ಆದರೆ ಹಾಡಿರುವುದು ವೇಗವನ್ನಲ್ಲ, ಅವನ ಒಳ್ಳೆಯತನವನ್ನು. ನನಗೆ ನೆನಪಾಗಿದ್ದು ನಮ್ಮ ಗುಂಡಪ್ಪ ವಿಶ್ವನಾಥ್. 1980ರ ಮುಂಬೈ ಟೆಸ್ಟಿನಲ್ಲಿ ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್‌ನನ್ನು ವಾಪಸ್ ಕರೆದು ಆಡಿಸಿ, ಪಂದ್ಯ ಸೋತವರು. ಅಂಥವರ ಮೇಲೆ ಇಷ್ಟು ಸಲೀಸಾದ ಒಂದು ಹಾಡು ನಮ್ಮಲ್ಲೂ ಬರಬೇಕಿತ್ತು, ಅಲ್ವಾ?

ಮೂರನೆಯದು 1992ರ 'ಐ, ಜೊನಾಥನ್'. ಒಂದೇ ಆಲ್ಬಮ್ ಕೇಳುತ್ತೇನೆ ಅನ್ನುವವರಿಗೆ ಇದೇ ಇರಲಿ. ಪಾರ್ಟಿಗಳೆಲ್ಲ ಮೊದಲಿನ ಹಾಗಿಲ್ಲ ಅಂತ ಒಂದು ಗೊಣಗಾಟ. ಸಂಜೆ ಹೊತ್ತು ಬಾಸ್ಟನ್ ಬೀದಿಯಲ್ಲಿ ಒಬ್ಬನೇ ನಡೆಯುವ ಒಂದು ಹಾಡು, ಅರ್ಧ ಮಾತು, ಅರ್ಧ ರಾಗ. ವೆಲ್ವೆಟ್ ಅಂಡರ್‌ಗ್ರೌಂಡ್ ಬಗ್ಗೆಯೇ ಒಂದು ಹಾಡು, ಅದರ ನಡುವೆ ಅವರ ಶೈಲಿಯನ್ನೇ ಅಣಕಿಸಿ ತೋರಿಸುತ್ತಾನೆ. ಲೆಸ್ಬಿಯನ್ ಬಾರಿನಲ್ಲಿ ಕುಣಿದ ಹಾಡಂತೂ ಯಾರಿಗೂ ಕುಟುಕದೆ, ಯಾರನ್ನೂ ಗೇಲಿ ಮಾಡದೆ, ಬರೀ ಖುಷಿಯಲ್ಲಿ ಹೋಗುತ್ತದೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಬಿಡಬಹುದಾದವೂ ಇವೆ. 1990ರ ಕಂಟ್ರಿ (ಅಮೆರಿಕದ ಹಳ್ಳಿ ಕಡೆಯ ಶೈಲಿ) ಹಾಡುಗಳ ಆಲ್ಬಮ್ ನನಗೆ ಹಿಡಿಸಲಿಲ್ಲ. ಎಂಬತ್ತರ ದಶಕದಲ್ಲಿ ಕೆಲವು ಕಡೆ ಮುಗ್ಧತನ ಅತಿಯಾಗಿ ಹಲ್ಲು ಜುಂ ಅನ್ನುತ್ತದೆ. 1994ರಲ್ಲಿ ಇಡೀ ಆಲ್ಬಮ್ ಸ್ಪ್ಯಾನಿಷ್‌ನಲ್ಲಿ ಹಾಡಿದ್ದಾನೆ. ಧೈರ್ಯ ಮೆಚ್ಚಬೇಕು, ನಾನು ಪೂರ್ತಿ ಕೇಳಲಿಲ್ಲ.

2018ರ 'ಸಾ!' ಬಗ್ಗೆ ಮಾತ್ರ ನಿಲ್ಲಿಸಿ ಹೇಳಬೇಕು. ಇದರಲ್ಲಿ ತಂಬೂರಿ ಇದೆ. ಹೌದು, ನಮ್ಮ ತಂಬೂರಿಯೇ. ಪಾಶ್ಚಾತ್ಯರು ತಂಬೂರಿ ಹಿಡಿದರೆ ಊದುಬತ್ತಿ ವಾಸನೆಯ ಸಂಗೀತ ಬರುತ್ತದೆ ಅನ್ನೋ ಭಯ ನನಗೂ ಇತ್ತು. ಇಲ್ಲಿ ಹಾಗಾಗಿಲ್ಲ. ಶ್ರುತಿ ಹಿಂದೆ ಹರಿಯುತ್ತಿರುತ್ತದೆ, ಮುಂದೆ ಅದೇ ನೇಟಿಕ್‌ನ ಮೂಗಿನ ದನಿ, ಅದೇ ಗಿಟಾರ್. ಪ್ರೇಮಿಗಳ ಗಲ್ಲಿ ತೀರಾ ಇಕ್ಕಟ್ಟು ಅನ್ನೋ ಹೆಸರಿನ ಒಂದು ಹಾಡಿದೆ, ಕೇಳಿದ ಕೂಡಲೇ ಕಬೀರರ ದೋಹೆ ನೆನಪಾಗುತ್ತದೆ. ಆ ಓಣಿಯಲ್ಲಿ ಇಬ್ಬರಿಗೆ ಜಾಗ ಇಲ್ಲ ಅಂದವರು ಅವರೇ ತಾನೆ. ಈಚಿನ ಆಲ್ಬಮ್‌ಗಳಲ್ಲಿ ಹಳೆಯ ಗೆಳೆಯ ಜೆರ್ರಿ ಹ್ಯಾರಿಸನ್ ಮತ್ತೆ ಕೀಬೋರ್ಡ್‌ಗೆ ಕೂತಿದ್ದಾನೆ. ಐವತ್ತು ವರ್ಷದ ಹಿಂದೆ ವಾಲ್ಯೂಮ್ ವಿಷಯಕ್ಕೆ ಮುನಿಸಿಕೊಂಡವರು ಈಗ ಶ್ರುತಿಯ ಜೊತೆ ಸದ್ದಿಲ್ಲದೆ ನುಡಿಸುತ್ತಿದ್ದಾರೆ.

ಸ್ಟೇಜಿನ ಮೇಲೆ ಇಬ್ಬರೇ ಇರುತ್ತಾರೆ. ಈತ ಮತ್ತು ಡ್ರಮ್ಸ್‌ಗೆ ಟಾಮಿ ಲಾರ್ಕಿನ್ಸ್. ನೈಲಾನ್ ತಂತಿಯ ಗಿಟಾರ್. ಹಾಡಿನ ನಡುವೆ ಗಿಟಾರ್ ಕೆಳಗಿಟ್ಟು ಕುಣಿಯಲು ಶುರು ಮಾಡಿದರೆ ಉಳಿದದ್ದು ಟಾಮಿಯ ಪಾಡು. ಬಾಸ್ಟನ್ ಕಡೆ ಬಂದರೆ ತಪ್ಪಿಸಬೇಡಿ. ಮುಂದಿನ ಸಾಲಲ್ಲೇ ಕೂರಿ, ದನಿ ಹಿಂದಕ್ಕೆ ತಲುಪುವುದು ಕಷ್ಟ.

ಕೇಳಲು ಹೊರಟವರಿಗೆ ಒಂದು ತೊಡಕು. 'ದಿ ಮಾಡರ್ನ್ ಲವರ್ಸ್' ಬೇರೆ, 'ಜೊನಾಥನ್ ರಿಚ್‌ಮನ್ ಅಂಡ್ ದಿ ಮಾಡರ್ನ್ ಲವರ್ಸ್' ಬೇರೆ, ಎರಡೂ 1976ರವೇ. ನಾನು ಬಳಸುವ ಆ್ಯಪ್ ಎರಡನ್ನೂ ಕಲಸಿಟ್ಟಿದೆ, 'ರೋಡ್‌ರನ್ನರ್' ಬೇರೆ ಬೇರೆ ರೆಕಾರ್ಡಿಂಗ್‌ಗಳಲ್ಲಿ ಬೇಡದ ಕಡೆಯೆಲ್ಲ ಬರುತ್ತದೆ. ಆಲ್ಬಮ್‌ಗಳು ಬೆಝರ್ಕ್‌ಲಿ, ಸೈರ್, ರೌಂಡರ್, ವೇಪರ್, ಬ್ಲೂ ಆ್ಯರೋ ಅಂತ ಐದಾರು ಕಂಪನಿಗಳಲ್ಲಿ ಚದುರಿಹೋಗಿವೆ, ಒಂದೇ ಪೆಟ್ಟಿಗೆಯಲ್ಲಿ ಸಿಗುವ ಮಾತಿಲ್ಲ. 'ಐ, ಜೊನಾಥನ್' 2020ರಲ್ಲಿ ಎಲ್ಪಿಯಾಗಿ ಬಂದಿದೆ, ಸಿಕ್ಕರೆ ತಗೊಳ್ಳಿ. ಎಂಬತ್ತರ ದಶಕದವು ಬೇಕಿದ್ದರೆ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ 'ಆರ್' ಅಕ್ಷರದ ಜೊತೆ 'ಎಮ್' ಅಕ್ಷರದ ಸಾಲನ್ನೂ ಹುಡುಕಿ. ಅರ್ಧಕ್ಕರ್ಧ ಅಂಗಡಿಯವರು ಮಾಡರ್ನ್ ಲವರ್ಸ್ ಹೆಸರಲ್ಲಿ ಇಟ್ಟಿರುತ್ತಾರೆ.