ಚಿಕ್ಕ ಚೌಕದ ಗಾಜಿನ ಕಿಟಕಿ: ಪೇಪರ್, ವೈಪರ್, ಮೈಕ್ರೋಫೈಬರ್, ಹಳೇ ಪಂಚೆ

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಇನ್ನೂ ಉಳಿದಿರುವ ತೇಗದ ಕಿಟಕಿ ನೆನಪಿಸಿಕೊಳ್ಳಿ. ಹೊರಕ್ಕೆ ತೆರೆಯುವ ಎರಡು ಬಾಗಿಲು, ಒಂದೊಂದರಲ್ಲಿ ಆರು ಚೌಕ ಗಾಜು, ಒಳಗಡೆ ಕಬ್ಬಿಣದ ಸರಳು. ಇದನ್ನು ಒರೆಸಲು ಕೂತವರಿಗೆ ದೊಡ್ಡ ಗಾಜಿನ ಕಿಟಕಿಯ ಬುದ್ಧಿವಾದ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಕಾರಣ ಲೆಕ್ಕದಲ್ಲೇ ಇದೆ. 8 ಇಂಚು ಅಗಲ, 10 ಇಂಚು ಎತ್ತರದ 12 ಗಾಜು ಸೇರಿದರೆ 960 ಚದರ ಇಂಚು. ಅಷ್ಟೇ ವಿಸ್ತೀರ್ಣದ ಒಂದೇ ಗಾಜು, 24ಕ್ಕೆ 40 ಇಂಚಿನದು, ಇದ್ದಿದ್ದರೆ ಸುತ್ತಲಿನ ಅಂಚು 128 ಇಂಚು, ಮೂಲೆ ನಾಲ್ಕು. ಚಿಕ್ಕ ಗಾಜುಗಳ ಅಂಚು ಒಟ್ಟು 432 ಇಂಚು, ಮೂಲೆ 48. ಅದೂ ಒಂದು ಮಗ್ಗುಲಿಗೆ ಮಾತ್ರ. ಕೊಳೆ ಕೂರುವುದು ಅಂಚಿನಲ್ಲಿ, ನೀರು ನಿಲ್ಲುವುದೂ ಅಂಚಿನಲ್ಲಿ. ಹಾಗಾಗಿ ಯಾವ ಸಾಮಾನು ಒಳ್ಳೆಯದು ಅನ್ನುವುದನ್ನು ಗಾಜಿನ ನಡುಭಾಗ ನೋಡಿ ಅಲ್ಲ, ಮೂಲೆ ನೋಡಿ ಹೇಳಬೇಕು.

ಇಲ್ಲಿನ ಹೋಲಿಕೆ ಅಂಥದ್ದೇ ಒಂದು ಕಿಟಕಿಯದು. ಪೂರ್ವ ದಿಕ್ಕಿನ ಕಿಟಕಿ, ಮಧ್ಯಾಹ್ನ ಬಿಸಿಲು ಸರಿದ ಮೇಲೆ, ಒಂದೊಂದು ವಿಧಾನಕ್ಕೆ ಮೂರು ಗಾಜು, ಎರಡೂ ಮಗ್ಗುಲು. ಬಿಸಿಲು ಬೀಳುವಾಗ ಒರೆಸಿದರೆ ಸೋಪಿನ ನೀರು ಗಾಜಿನ ಮೇಲೇ ಒಣಗಿ ಗೆರೆ ಉಳಿಯುತ್ತದೆ. ಆಗ ತಪ್ಪು ಬಟ್ಟೆಯದೋ ಬಿಸಿಲಿನದೋ ಗೊತ್ತಾಗುವುದಿಲ್ಲ. ಪಶ್ಚಿಮದ ಕಿಟಕಿಯಾದರೆ ಬೆಳಗ್ಗೆಯೇ ಮಾಡಬೇಕು.

ನಾಲ್ಕಕ್ಕೂ ಮೊದಲಿನ ಕೆಲಸ ಒಂದೇ, ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ: ಒಣ ಬ್ರಷ್. ಪೇಂಟ್ ಮಾಡುವ ಒಂದೂವರೆ ಇಂಚಿನ ಬ್ರಷ್ ಸಾಕು, ಹೊಸದಾಗಿರಲಿ. ಮೇಲಿನ ಚೌಕದಿಂದ ಶುರು ಮಾಡಿ, ಪ್ರತಿ ಚೌಕದ ಕೆಳಪಟ್ಟಿಯ ಎರಡು ಮೂಲೆಯಿಂದಲೂ ಧೂಳನ್ನು ಎಳೆದು ಕೆಡವಬೇಕು. ಧೂಳಿರುವಾಗಲೇ ನೀರು ತಾಕಿದರೆ ಅದು ಕೆಸರಾಗಿ ಮೂಲೆಗೆ ಇಳಿದು, ಗಾಜನ್ನು ಚೌಕಟ್ಟಿಗೆ ಹಿಡಿಸಲು ಮೆತ್ತಿದ ಪುಟ್ಟಿಗೆ ಅಂಟುತ್ತದೆ. ಒಣಗಿದ ಮೇಲೆ ಅದನ್ನು ಕೀಳಲು ಹೋದರೆ ಪುಟ್ಟಿಯೂ ಜೊತೆಗೆ ಬರುತ್ತದೆ.

ಸೋಪಿನ ನೀರೂ ಎಲ್ಲಕ್ಕೂ ಒಂದೇ. 1 ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 4–5 ಹನಿ. ನೊರೆ ಬಂದರೆ ಚೆನ್ನಾಗಿ ತೊಳೆದಂತೆ ಎಂದುಕೊಂಡು ಒಂದು ಚಮಚ ಸುರಿಯುವವರು ಹೆಚ್ಚು. ಆ ಸೋಪು ಪದರವಾಗಿ ಉಳಿದು, ಸಂಜೆ ಲೈಟ್ ಹಾಕಿದಾಗ ಮಂಜು ಕವಿದಂತೆ ಕಾಣುತ್ತದೆ. ಪಾತ್ರೆ ತೊಳೆಯುವ ಸೋಪಿನ ಬಿಲ್ಲೆ ಬೇಡ. ಅದರಲ್ಲಿರುವ ಪುಡಿ ಮೂಲೆಯಲ್ಲಿ ಬೆಳ್ಳಗೆ ಕೂರುತ್ತದೆ.

ಮೊದಲು ಪೇಪರ್. ಹಳೇ ನ್ಯೂಸ್‌ಪೇಪರ್‌ನಿಂದ ಗಾಜು ಹೊಳೆಯುತ್ತದೆ ಅನ್ನುವುದು ಸುಳ್ಳಲ್ಲ. ಎಳೆ ಬಿಡುವುದಿಲ್ಲ, ಖರ್ಚಿಲ್ಲ, ನಡುಭಾಗದಲ್ಲಿ ಗೆರೆಯೂ ಇಲ್ಲ. ಆದರೆ ಮುದ್ದೆ ಮಾಡಿದ ಪೇಪರ್ ಮೂಲೆಯೊಳಕ್ಕೆ ಹೋಗುವುದಿಲ್ಲ, ಅರ್ಧ ಇಂಚಿನಷ್ಟು ದುಂಡಗೆ ಬಿಟ್ಟುಬಿಡುತ್ತದೆ. ನೆನೆದ ಮೇಲೆ ಹರಿದು ಚೂರು ಚೂರಾಗಿ ಪಟ್ಟಿಯ ಸಂದಿಗೆ ಸೇರುತ್ತದೆ. ಎಲ್ಲಕ್ಕಿಂತ ತೊಂದರೆ ಮಸಿಯದು. ಚೌಕಟ್ಟಿಗೆ ಬಿಳಿ ಪೇಂಟ್ ಇದ್ದರೆ 12 ಚೌಕಕ್ಕೂ ಬೂದು ಬಣ್ಣದ ಅಂಚು ಬರುತ್ತದೆ, ಅದನ್ನು ಒರೆಸುವುದು ಗಾಜಿಗಿಂತ ದೊಡ್ಡ ಕೆಲಸ. ಪಾಲಿಶ್ ಮಾಡಿದ ತೇಗವಾದರೆ ಅಷ್ಟಾಗಿ ಕಾಣುವುದಿಲ್ಲ. ಬಟ್ಟೆಯಿಂದ ತೊಳೆದು ಒಣಗಿಸಿದ ಮೇಲೆ, ಕೊನೆಯ ಹೊಳಪಿಗೆ ಒಣ ಪೇಪರ್ ತಿಕ್ಕುವುದಾದರೆ ಸರಿ. ಒದ್ದೆ ಕೆಲಸಕ್ಕೆ ಬೇಡ.

ವೈಪರ್ ಬಗ್ಗೆ ನಿರೀಕ್ಷೆ ಹೆಚ್ಚು, ಏಕೆಂದರೆ ದೊಡ್ಡ ಗಾಜಿಗೆ ಅದರಷ್ಟು ಚೆಂದದ ಸಾಮಾನು ಇನ್ನೊಂದಿಲ್ಲ. 8 ಇಂಚಿನ ಚೌಕಕ್ಕೆ 8 ಇಂಚಿನ ವೈಪರ್ ಕೂರುವುದೇ ಇಲ್ಲ. ರಬ್ಬರ್ ಗಾಜಿಗಿಂತ ಅರ್ಧ ಇಂಚಾದರೂ ಕಿರಿದಾಗಿರಬೇಕು. ಲೋಹದ ಪಟ್ಟಿಯಿರುವ ವೈಪರ್ ಆದರೆ ಹ್ಯಾಕ್ಸಾದಿಂದ ಪಟ್ಟಿಯನ್ನು ಕತ್ತರಿಸಿ, ಅರದಿಂದ ಚೂಪು ತೆಗೆದು, ರಬ್ಬರನ್ನು ಹೊಸ ಬ್ಲೇಡಿನಿಂದ ಒಂದೇ ಏಟಿಗೆ ನೇರವಾಗಿ ಕೊಯ್ಯಬಹುದು. ರಬ್ಬರ್ ಎರಡೂ ತುದಿಯಲ್ಲಿ ಪಟ್ಟಿಗಿಂತ 1–2 ಮಿಲಿಮೀಟರ್ ಹೊರಗಿರಲಿ, ಇಲ್ಲವಾದರೆ ಲೋಹ ಮರವನ್ನು ಕೆರೆಯುತ್ತದೆ. ಎಳೆಯುವ ಮುಂಚೆ ಗಾಜಿನ ಮೇಲಂಚನ್ನು ಒಣ ಬಟ್ಟೆಯಿಂದ ಒಂದು ಬೆರಳಗಲ ಒರೆಸಿಕೊಳ್ಳಬೇಕು. ಒದ್ದೆ ಅಂಚಿನಿಂದ ಎಳೆದರೆ ಅಲ್ಲಿ ನಿಂತ ನೀರು ಹಿಂದೆಯೇ ಗೆರೆಯಾಗಿ ಇಳಿಯುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ವೈಪರ್ ಗಾಜಿನ ನೀರನ್ನು ಕೆಳಪಟ್ಟಿಗೆ ತಂದು ಸುರಿಯುತ್ತದೆ. ಹಳೇ ಕಿಟಕಿಯಲ್ಲಿ ಬೇಡವಾದದ್ದು ಅದೇ. ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿದ ಪುಟ್ಟಿ ವರ್ಷ ಕಳೆದಂತೆ ಒಣಗಿ ಬಿರುಕು ಬಿಟ್ಟಿರುತ್ತದೆ. ಬಿರುಕಿನಲ್ಲಿ ನೀರು ಇಳಿದರೆ ಒಳಗಿನ ಮರ ನೆನೆದು ಕೆಳಪಟ್ಟಿಯೇ ಮೊದಲು ಕುಂಬಾಗುತ್ತದೆ. ಅಂಚಿನ ನೀರು ತೆಗೆಯಲು ಹೇಗೂ ಬಟ್ಟೆ ಬೇಕಾಗುವುದರಿಂದ, ಕಾಲವೂ ಉಳಿಯಲಿಲ್ಲ. ಗಾಜಿನ ಅಗಲ ಒಂದು ಅಡಿ ದಾಟಿದರೆ ಮಾತ್ರ ವೈಪರ್ ಕೈಗೆತ್ತಿಕೊಳ್ಳಿ. ಚುಕ್ಕಿ ಅಥವಾ ಹೂವಿನ ಉಬ್ಬು ಇರುವ ಗಾಜಿಗೆ ಅದು ಉಪಯೋಗವೇ ಇಲ್ಲ, ಅಲ್ಲಿ ಮೆತ್ತನೆಯ ಬ್ರಷ್ಷೇ ಸರಿ.

ಮೈಕ್ರೋಫೈಬರ್ ಬಟ್ಟೆಯ ಬಲ ಒದ್ದೆ ಒರೆಸುವುದರಲ್ಲಿದೆ. ನೀರಿನಲ್ಲಿ ಅದ್ದಿ, ಇನ್ನು ಹನಿ ಬೀಳದು ಅನ್ನುವಷ್ಟು ಹಿಂಡಿದರೂ ಅಡುಗೆಮನೆ ಪಕ್ಕದ ಗಾಜಿನ ಜಿಡ್ಡನ್ನು ಎಳೆದುಕೊಳ್ಳುತ್ತದೆ. ಅಂದರೆ ಪುಟ್ಟಿಗೆ ನೀರು ಇಳಿಯದೆ ಗಾಜು ತೊಳೆದಾಯಿತು. ಬಟ್ಟೆಯನ್ನು ಎರಡು ಸಲ ಮಡಚಿದರೆ ಎಂಟು ಮುಖ ಸಿಗುತ್ತವೆ. ಒಂದು ಗಾಜಿಗೆ ಒಂದು ಮುಖ ಬಳಸಿ, ಎಂಟಾದ ಮೇಲೆ ಅದ್ದಿ ಹಿಂಡಿ. ಮೊದಲು ಬೆರಳ ತುದಿಯಲ್ಲಿ ನಾಲ್ಕೂ ಅಂಚು, ಆಮೇಲೆ ನಡುಭಾಗ. ನಡುಭಾಗ ಮೊದಲು ಒರೆಸಿದರೆ ಅಂಚಿನ ಕೊಳೆ ಶುದ್ಧವಾದ ಗಾಜಿನ ಮೇಲೆ ಬರುತ್ತದೆ. ಕೊಳ್ಳುವಾಗ ಕಾರಿಗೆಂದು ಮಾರುವ ದಪ್ಪ ಟವೆಲ್ಲು ಬೇಡ, ಅದು ಮೂಲೆಗೆ ನುಗ್ಗುವುದಿಲ್ಲ. ತೆಳ್ಳಗಿನದು ಸಾಕು. ಒಣಗಿಸುವುದಕ್ಕೆ ಮೈಕ್ರೋಫೈಬರ್ ಪರವಾಗಿಲ್ಲ, ಆದರೆ ಅದನ್ನು ಸೋಲಿಸುವ ಬಟ್ಟೆ ಮನೆಯಲ್ಲೇ ಇದೆ.

ಅದು ಹಳೇ ಪಂಚೆ. ನೂರಾರು ಸಲ ಒಗೆದು ಮೆತ್ತಗಾದ ಹತ್ತಿಯಲ್ಲಿ ಉದುರುವ ಎಳೆಯೇ ಉಳಿದಿರುವುದಿಲ್ಲ, ನೀರನ್ನು ತಕ್ಷಣ ಹೀರುತ್ತದೆ, ತೆಳುವಾಗಿರುವುದರಿಂದ ಉಗುರಿನ ಜೊತೆ ಮೂಲೆಯ ತುದಿಯವರೆಗೂ ಹೋಗುತ್ತದೆ. ಬೆರಳು ಹಿಡಿಸದ ಕಡೆ ಐಸ್‌ಕ್ರೀಮ್ ಕಡ್ಡಿಗೆ ಒಂದು ಸುತ್ತು ಸುತ್ತಿ ಎಳೆಯಿರಿ. ಮೂರು ಷರತ್ತು: ಗಂಜಿ ಹಾಕಿದ್ದಿರಬಾರದು, ಗಂಜಿ ಒದ್ದೆಯಾದರೆ ಗಾಜಿನ ಮೇಲೆ ಗೆರೆ ಬೀಳುತ್ತದೆ. ಜರಿ ಅಂಚನ್ನು ಕತ್ತರಿಸಿ ತೆಗೆದಿರಬೇಕು. ಹೊಸ ಬಟ್ಟೆಯಾಗಿರಬಾರದು. ಕೊರತೆ ಒಂದೇ, ಬೇಗ ನೆನೆಯುತ್ತದೆ. ಕರವಸ್ತ್ರದಷ್ಟು ತುಂಡು ಎರಡು ಮೂರು ಗಾಜಿಗೆ ಬರುತ್ತದೆ, ಆದ್ದರಿಂದ ಎಂಟು ಹತ್ತು ತುಂಡು ಹರಿದಿಟ್ಟುಕೊಳ್ಳಿ. ತೊಳೆಯಲು ಮೈಕ್ರೋಫೈಬರ್, ಒಣಗಿಸಲು ಪಂಚೆ: ನಮ್ಮ ಆಯ್ಕೆ ಈ ಜೋಡಿ. ಮಿಕ್ಕವೆರಡಕ್ಕಿಂತ ಮೂಲೆ ಸ್ಪಷ್ಟವಾಗಿತ್ತು, ಕೆಳಪಟ್ಟಿಯೂ ಒಣಗಿಯೇ ಇತ್ತು.

ಲಾಟೀನು ಗಾಜಿಗೆ ಬೂದಿ ಬಳಸುತ್ತಿದ್ದ ಹಿರಿಯರ ರೂಢಿಯನ್ನು ಇಲ್ಲಿಗೆ ತರಬೇಡಿ. ಒಲೆಯ ಬೂದಿಯಲ್ಲಿ ಮರಳಿನ ಕಣ ಇದ್ದರೆ ಗಾಜು ಗೀರುತ್ತದೆ, ಮೂಲೆಯಲ್ಲಿ ಕೂತ ಪುಡಿಯೂ ಹೋಗದು.

ಅಂಗಡಿಯ ಸ್ಪ್ರೇ ಗಾಜಿಗೆ ಒಳ್ಳೆಯದೇ, ಮರಕ್ಕೆ ಅಲ್ಲ. ಗಾಜಿನ ಸ್ಪ್ರೇಗಳಲ್ಲಿ ಎಷ್ಟೋ ಆಲ್ಕೋಹಾಲ್ ಅಥವಾ ಅಮೋನಿಯ ಇರುವಂಥವು. ಹಳೇ ತೇಗಕ್ಕೆ ಬಳಿದ ಅರಗಿನ ಪಾಲಿಶ್ ಎರಡಕ್ಕೂ ಕರಗುತ್ತದೆ. ಬಳಸಲೇಬೇಕಾದರೆ ಗಾಜಿನ ಮೇಲೆ ಹೊಡೆಯದೆ ಬಟ್ಟೆಗೆ ಹೊಡೆದುಕೊಳ್ಳಿ.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಸೋಪೂ ಇಲ್ಲ ಸ್ಪ್ರೇಯೂ ಇಲ್ಲ, ವಿನಿಗರ್ ಒಂದೇ. ಸಮಪಾಲು ನೀರು ಬೆರೆಸಿ, ಸಣ್ಣ ಬಟ್ಟೆಯನ್ನು ಅದ್ದಿ ಹಿಂಡಿ ಕಲೆಯ ಮೇಲೆ 10 ನಿಮಿಷ ಅಂಟಿಸಿ, ಆಮೇಲೆ ಬರೀ ನೀರಿನಲ್ಲಿ ಎರಡು ಸಲ ಒರೆಸಿ. ಕಲೆಯಲ್ಲಿರುವ ಸುಣ್ಣವನ್ನು ಕರಗಿಸುವ ಆಮ್ಲ ಪುಟ್ಟಿಯ ಸೀಮೆಸುಣ್ಣವನ್ನೂ ಬಿಡುವುದಿಲ್ಲ, ಹಾಗಾಗಿ ಅಂಚಿನಿಂದ ಒಂದು ಬೆರಳು ದೂರವಿರಲಿ. ಕಿಟಕಿಯ ಕೆಳಗೆ ಶಹಾಬಾದ್ ಅಥವಾ ಕಡಪ ಕಲ್ಲು ಹಾಸಿದ್ದರೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ. ಎರಡೂ ಸುಣ್ಣದ ಕಲ್ಲೇ, ವಿನಿಗರ್ ಹನಿ ಬಿದ್ದಲ್ಲಿ ಹೊಳಪು ಹೋಗಿ ಮಚ್ಚೆ ನಿಲ್ಲುತ್ತದೆ. ವಿನಿಗರಿಗೂ ಹೋಗದ ಮಬ್ಬು ಎಷ್ಟೋ ಸಲ ಕಲೆಯಲ್ಲ, ಗಾಜಿನ ಮೈಯೇ ಸವೆದಿರುವುದು. ಅಲ್ಲಿ ತಿಕ್ಕುವುದನ್ನು ನಿಲ್ಲಿಸಿ.

ಕೊನೆಯ ಒರೆಸಿಗೆ ಬೋರ್‌ವೆಲ್ ನೀರಿನ ಬದಲು ಸೋಸಿದ ಮಳೆನೀರು, ಇಲ್ಲವೇ ಎಸಿಯಿಂದ ತೊಟ್ಟಿಕ್ಕುವ ನೀರು ಬಳಸಿದರೆ ಹೊಸ ಕಲೆ ಆಗುವುದಿಲ್ಲ, ಅದರಲ್ಲಿ ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಮಾತ್ರ ಬೇಡ, ಅದರಲ್ಲಿ ಲವಣ ಇನ್ನೂ ಹೆಚ್ಚು. ಕರಾವಳಿಯಲ್ಲಿ ಉಪ್ಪುಗಾಳಿಗೆ ಅಂಟಿದ ಗಾಜಾದರೆ ಸೋಪಿಗೆ ಮುಂಚೆ ಬರೀ ಸಿಹಿನೀರಿನ ಬಟ್ಟೆ ಒಂದು ಸಲ.

ಮಹಡಿಯ ಕಿಟಕಿಯ ಹೊರಮಗ್ಗುಲಿಗೆ ಸರಳಿನ ನಡುವೆಯೇ ಕೈ ಹಾಕಬೇಕು. ಬಾಗಿಲನ್ನು ಒಂದು ಗೇಣು ತೆರೆದು, ಇನ್ನೊಂದು ಕೈಯಿಂದ ಅಲುಗದಂತೆ ಹಿಡಿದು, ತೆರೆದ ಅಂಚಿನಿಂದ ಒಳಕ್ಕೆ ಒರೆಸುತ್ತ ಬನ್ನಿ. ಕೀಲಿನ ಪಕ್ಕದ ಸಾಲು ಸಿಗದೇ ಹೋಗಬಹುದು. ಅದಕ್ಕಾಗಿ ಸಜ್ಜಾ ಮೇಲೆ ಇಳಿಯಬೇಡಿ, ಮನುಷ್ಯರ ಭಾರಕ್ಕೆಂದು ಅದನ್ನು ಕಟ್ಟಿರುವುದಿಲ್ಲ. ಉದ್ದ ಕೋಲಿಗೆ ಬಟ್ಟೆ ಕಟ್ಟಿ ಆದಷ್ಟು ಒರೆಸಿದರೆ ಸಾಕು.

ಕೆಲಸ ಮುಗಿದ ಮೇಲೆ ಮೈಕ್ರೋಫೈಬರನ್ನು ಬೇರೆ ಬಟ್ಟೆಯ ಜೊತೆ ಹಾಕದೆ, ಬೆಚ್ಚಗಿನ ನೀರಿಗೆ ಸ್ವಲ್ಪ ಲಿಕ್ವಿಡ್ ಹಾಕಿ ಒಗೆಯಿರಿ. ಬಟ್ಟೆ ಮೆತ್ತಗಾಗಲೆಂದು ಹಾಕುವ ಕಂಫರ್ಟ್‌ನಂಥ ಕಂಡೀಷನರ್ ಅದಕ್ಕೂ ಪಂಚೆಗೂ ತಾಕಬಾರದು. ಅದರ ಜಿಡ್ಡು ಎಳೆಯಲ್ಲಿ ಉಳಿದು, ಮುಂದಿನ ಸಲ ಎಷ್ಟು ಒರೆಸಿದರೂ ಗಾಜಿನ ಮೇಲೆ ಗೆರೆ ಮೂಡುತ್ತಲೇ ಇರುತ್ತದೆ.