ಎರಿತ್ರಿಟಾಲ್–ಸ್ಟೀವಿಯಾ ಪುಡಿಯಲ್ಲಿ ಮನೆಯ ಬ್ರೌನಿ: ದೀರ್ಘ ಬಳಕೆಯ ನಂತರದ ವಿಮರ್ಶೆ

ಸಕ್ಕರೆಗೆ ಬದಲಿಯೆಂದು ಮಾರಾಟವಾಗುವ ಎರಿತ್ರಿಟಾಲ್ ಮತ್ತು ಸ್ಟೀವಿಯಾ ಮಿಶ್ರಣವನ್ನು ನಮ್ಮ ಮನೆಯಲ್ಲಿ ಬಹುಕಾಲದಿಂದ, ಮುಖ್ಯವಾಗಿ ಚಾಕೊಲೇಟ್ ಬ್ರೌನಿ ಮಾಡುವುದಕ್ಕೆಂದೇ ಬಳಸುತ್ತಿದ್ದೇವೆ. ಅತ್ತೆಯವರಿಗೆ ಮಧುಮೇಹವಿದೆ, ಮಕ್ಕಳಿಗೆ ಚಾಕೊಲೇಟ್ ಎಂದರೆ ಪ್ರಾಣ. ಇಬ್ಬರಿಗೂ ಒಂದೇ ತಟ್ಟೆಯಿಂದ ಬಡಿಸುವ ದಾರಿ ಹುಡುಕುವಾಗ ಸಿಕ್ಕ ಪದಾರ್ಥವಿದು. ಪೊಟ್ಟಣದ ಮೇಲೆ ‘ಒಂದು ಚಮಚ ಸಕ್ಕರೆಗೆ ಇದೂ ಒಂದು ಚಮಚ’ ಎಂಬರ್ಥದ ಭರವಸೆ ಇರುತ್ತದೆ. ಕಾಫಿ, ಟೀಗಳ ಮಟ್ಟಿಗೆ ಆ ಮಾತು ಸರಿಯೇ. ಬ್ರೌನಿಯಲ್ಲಿ ಮಾತ್ರ ಅದು ಸಕ್ಕರೆಯ ಸಿಹಿಯನ್ನು ತುಂಬಿಕೊಡುತ್ತದೆಯೇ ಹೊರತು ಸಕ್ಕರೆ ಸದ್ದಿಲ್ಲದೆ ಮಾಡುತ್ತಿದ್ದ ಉಳಿದ ಕೆಲಸಗಳನ್ನು ಮಾಡುವುದಿಲ್ಲ.

ಮುಂಭಾಗದಲ್ಲಿ ಸ್ಟೀವಿಯಾ ಎಲೆಯ ಚಿತ್ರವನ್ನು ಎಷ್ಟೇ ದೊಡ್ಡದಾಗಿ ಅಚ್ಚು ಹಾಕಿದ್ದರೂ, ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಓದಿದರೆ ಒಳಗಿರುವುದು ಬಹುಪಾಲು ಎರಿತ್ರಿಟಾಲ್ ಎಂಬುದು ತಿಳಿಯುತ್ತದೆ. ಗ್ಲೂಕೋಸನ್ನು ಯೀಸ್ಟಿನಿಂದ ಹುದುಗಿಸಿ ತಯಾರಿಸುವ ಈ ಪದಾರ್ಥ ‘ಶುಗರ್ ಆಲ್ಕೋಹಾಲ್’ ಗುಂಪಿಗೆ ಸೇರಿದ್ದು. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ, ಮದ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಸಕ್ಕರೆಯ ಸಿಹಿಯಲ್ಲಿ ಶೇಕಡಾ 60ರಿಂದ 70ರಷ್ಟು ಮಾತ್ರ ಇದರದ್ದು. ಸಕ್ಕರೆಯ ಒಂದು ಗ್ರಾಂನಲ್ಲಿ 4 ಕ್ಯಾಲೊರಿ ಇದ್ದರೆ ಇದರಲ್ಲಿ ಸುಮಾರು 0.2 ಇರುತ್ತದೆ, ಏಕೆಂದರೆ ಹೆಚ್ಚಿನ ಭಾಗ ಸಣ್ಣಕರುಳಿನಲ್ಲಿ ಹೀರಿಕೊಂಡು, ದೇಹದಲ್ಲಿ ಬಳಕೆಯಾಗದೆ, ಮೂತ್ರದ ಮೂಲಕ ಹಾಗೆಯೇ ಹೊರಹೋಗುತ್ತದೆ. ಕೊರತೆಯಾದ ಸಿಹಿಯನ್ನು ತುಂಬಲು ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿಯಾದ ಸ್ಟೀವಿಯಾ ಸಾರವನ್ನು ಚಿಟಿಕೆಯಷ್ಟು ಬೆರೆಸಿರುತ್ತಾರೆ. ಈ ಸಾರದ ಪ್ರಮಾಣ ತುಸು ಹೆಚ್ಚಾದರೂ ನಾಲಿಗೆಯ ಹಿಂಭಾಗದಲ್ಲಿ ಅತಿಮಧುರದ ಬೇರನ್ನು ಜಗಿದಂಥ ಕಹಿ ಉಳಿಯುತ್ತದೆ. ಕೋಕೋದ ಸಹಜ ಕಹಿ ಅದನ್ನು ಸಾಕಷ್ಟು ಮರೆಮಾಚುವುದರಿಂದ ಕೇಸರಿಬಾತಿಗಿಂತ ಬ್ರೌನಿಗೆ ಈ ಮಿಶ್ರಣ ಹೆಚ್ಚು ಒಗ್ಗುತ್ತದೆ.

ಬ್ರೌನಿಯಲ್ಲಿ ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಟ್ಟೆಯ ಪ್ರೋಟೀನ್ ಬೇಗ ಗಟ್ಟಿಯಾಗದಂತೆ ತಡೆಯುತ್ತದೆ, ಮೈದಾದ ಗ್ಲುಟೆನ್ ಬಿಗಿಯಾಗಲು ಬಿಡುವುದಿಲ್ಲ, ಮತ್ತು ಮೊಟ್ಟೆಯಲ್ಲಿ ಕರಗಿ ಮೇಲ್ಮೈಗೆ ಬಂದು ಒಣಗಿದಾಗ ಹಪ್ಪಳದಂತೆ ತೆಳುವಾಗಿ ಬಿರಿಯುವ ಹೊಳಪಿನ ಪದರವಾಗುತ್ತದೆ. ಎರಿತ್ರಿಟಾಲ್ ಗಾಳಿಯ ತೇವವನ್ನೂ ಹೀರುವುದಿಲ್ಲ, ಕೆರಮೆಲ್ ಆಗುವುದೂ ಇಲ್ಲ, ನೀರಿನಲ್ಲಿ ಕರಗುವುದೂ ಸಕ್ಕರೆಗಿಂತ ಕಡಿಮೆ. ಹೀಗಾಗಿ ಸಕ್ಕರೆಯನ್ನು ಪೂರ್ತಿ ತೆಗೆದು ಅಷ್ಟೇ ತೂಕದ ಮಿಶ್ರಣವನ್ನು ಸುರಿದರೆ ಓವನ್ನಿನಿಂದ ಬಂದ ತಕ್ಷಣ ಬ್ರೌನಿ ಚೆನ್ನಾಗಿಯೇ ಕಾಣುತ್ತದೆ, ಮೇಲ್ಮೈ ಮಾತ್ರ ಮಂಕಾಗಿರುತ್ತದೆ. ನಿಜವಾದ ಪರೀಕ್ಷೆ ಮರುದಿನ. ಫ್ರಿಜ್ಜಿನಲ್ಲಿಟ್ಟ ತುಂಡನ್ನು ಹೊರತೆಗೆದು ನೋಡಿದರೆ ಚಾಕು ಹಾಯ್ದ ಬದಿಯಲ್ಲಿ ಸಣ್ಣ ಬಿಳಿಯ ಚುಕ್ಕಿಗಳು ಕಾಣುತ್ತವೆ, ಕಚ್ಚಿದರೆ ಹಲ್ಲಿನಡಿ ಮರಳು ಸಿಕ್ಕಂತೆ ಕರಕರ ಎನ್ನುತ್ತದೆ, ಬಾಯಿಯಲ್ಲಿ ಅಕಾರಣವಾದ ತಂಪು ಹರಡುತ್ತದೆ. ಕರಗಿದ್ದ ಎರಿತ್ರಿಟಾಲ್ ತಣ್ಣಗಾದಾಗ ಮತ್ತೆ ಹರಳುಗಟ್ಟುವುದು ಮೊದಲನೆಯದಕ್ಕೆ ಕಾರಣ. ಆ ಹರಳು ಎಂಜಲಿನಲ್ಲಿ ಕರಗುವಾಗ ಬಾಯಿಯ ಶಾಖವನ್ನೇ ಹೀರಿಕೊಳ್ಳುವುದು ಎರಡನೆಯದಕ್ಕೆ. ‘ಪುದೀನ ಹಾಕಿದ್ದೀಯಾ ಅಮ್ಮಾ?’ ಎಂದು ನನ್ನ ಕಿರಿಯ ಮಗ ಕೇಳಿದ್ದು ಈ ತಂಪಿನಿಂದಲೇ.

ಇದಕ್ಕೆ ನಾವು ಕಂಡುಕೊಂಡ ಪರಿಹಾರವೆಂದರೆ ಬದಲಿಯನ್ನು ಹೆಚ್ಚಿಸುವುದಲ್ಲ, ಒಟ್ಟು ಸಿಹಿಯನ್ನೇ ಇಳಿಸಿ, ಉಳಿದದ್ದನ್ನು ಎರಡು ಪಾಲು ಮಾಡುವುದು. 8 ಅಂಗುಲದ ಚೌಕ ತಟ್ಟೆಗೆ ಸಾಮಾನ್ಯವಾಗಿ 225 ಗ್ರಾಂ ಸಕ್ಕರೆ ಹಾಕುವ ಕಡೆ ಈಗ ಹಾಕುವುದು 80 ಗ್ರಾಂ ಈ ಮಿಶ್ರಣ ಮತ್ತು 60 ಗ್ರಾಂ ಜೋನಿ ಬೆಲ್ಲ. ಜೋನಿ ಬೆಲ್ಲವನ್ನು ಆರಿಸಿಕೊಂಡದ್ದು ನಾಡಿನ ಅಭಿಮಾನದಿಂದಲ್ಲ. ಅದರಲ್ಲಿ ಸಕ್ಕರೆಯ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್‌ಗಳೂ ನೀರೂ ಇರುವುದರಿಂದ ತೇವ ಉಳಿಯುತ್ತದೆ, ಹರಳುಗಟ್ಟುವುದೂ ಬಹಳ ಕಡಿಮೆಯಾಗುತ್ತದೆ. ಮೂರನೆಯ ದಿನವೂ ಬ್ರೌನಿ ಮೆತ್ತಗೇ ಇರುತ್ತದೆ. ಉಳಿದಂತೆ 100 ಗ್ರಾಂ ಶೇಕಡಾ 70ರ ಡಾರ್ಕ್ ಚಾಕೊಲೇಟ್, 110 ಗ್ರಾಂ ಬೆಣ್ಣೆ, 40 ಗ್ರಾಂ ಕೋಕೋ ಪುಡಿ, 30 ಗ್ರಾಂ ಮೈದಾ, 40 ಗ್ರಾಂ ಬಾದಾಮಿ ಪುಡಿ, ಎರಡು ಮೊಟ್ಟೆ ಮತ್ತು ಒಂದು ಹಳದಿ ಭಾಗ, ಚಿಟಿಕೆ ಉಪ್ಪು.

ಕ್ರಮದಲ್ಲಿ ಮುಖ್ಯವಾದದ್ದು ಎರಡು ಸಂಗತಿಗಳು. ಎರಿತ್ರಿಟಾಲ್ ಬೆಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಅದನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಎರಡು ದೊಡ್ಡ ಚಮಚ ಬಿಸಿ ಕಾಫಿ ಡಿಕಾಕ್ಷನ್ ಮತ್ತು ಜೋನಿ ಬೆಲ್ಲದಲ್ಲಿ ಕಲಸಿ, ಸ್ವಲ್ಪ ಆರಿದ ಮೇಲೆ ಮೊಟ್ಟೆಗಳೊಂದಿಗೆ ಚೆನ್ನಾಗಿ ನೊರೆ ಬರುವವರೆಗೆ ಬೀಟ್ ಮಾಡಬೇಕು. ಮಿಕ್ಸಿ ಜಾರಿನ ಮುಚ್ಚಳವನ್ನು ಕೂಡಲೇ ತೆರೆಯಬಾರದು, ಹೊಗೆಯಂತೆ ಏಳುವ ಆ ಸಿಹಿ ಧೂಳು ಗಂಟಲಿಗೆ ಹೋಗಿ ಕೆಮ್ಮು ಬರುತ್ತದೆ. ಎರಡನೆಯದು ಬೇಯಿಸುವ ಸಮಯ. ನಮ್ಮ ಓಟಿಜಿಯಲ್ಲಿ (ಮನೆಬಳಕೆಯ ಚಿಕ್ಕ ವಿದ್ಯುತ್ ಓವನ್) 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 18 ನಿಮಿಷಕ್ಕೆ ನೋಡಲು ಶುರು ಮಾಡುತ್ತೇನೆ; ಚುಚ್ಚಿದ ಕಡ್ಡಿಗೆ ಒದ್ದೆ ಪುಡಿ ಅಂಟಿಕೊಂಡು ಬರುವಾಗಲೇ ಹೊರತೆಗೆಯಬೇಕು. ಸಕ್ಕರೆ ಹೆಚ್ಚಿರುವ ಬ್ರೌನಿ ಎರಡು ನಿಮಿಷ ಹೆಚ್ಚು ಬೆಂದರೂ ಸಹಿಸಿಕೊಳ್ಳುತ್ತದೆ, ಇದು ಸಹಿಸುವುದಿಲ್ಲ.

ಕೋಕೋ ಪುಡಿಯ ಆಯ್ಕೆಯಿಂದಲೂ ಸಿಹಿಯ ಅಗತ್ಯ ಬದಲಾಗುತ್ತದೆ. ನೈಸರ್ಗಿಕ ಕೋಕೋಗೆ ಹುಳಿಯ ಅಂಶವಿರುತ್ತದೆ. ಕ್ಷಾರದಿಂದ ಸಂಸ್ಕರಿಸಿದ, ‘ಡಚ್’ ಎಂದು ಕರೆಯುವ ಬಗೆಯಲ್ಲಿ ಆ ಹುಳಿ ಇಳಿದು ಬಣ್ಣ ಕಡುವಾಗುತ್ತದೆ, ರುಚಿ ಮೃದುವಾಗುತ್ತದೆ. ಕಡಿಮೆ ಸಿಹಿಯ ಬ್ರೌನಿಗೆ ನನ್ನ ಮತ ಡಚ್ ಬಗೆಗೇ. ಈ ವಿಧಾನದಲ್ಲಿ ಸೋಡಾ ಹಾಕದ ಕಾರಣ ಹುಳಿ ಇಲ್ಲದಿದ್ದರೂ ತೊಂದರೆಯಿಲ್ಲ. ಅಡಿಕೆ ತೋಟದ ನೆರಳಿನಲ್ಲಿ ಕೋಕೋ ಬೆಳೆಯುವ ದಕ್ಷಿಣ ಕನ್ನಡದವರಿಗೆ, 1986ರಿಂದ ಪುತ್ತೂರಿನಲ್ಲಿ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ನಡೆಯುತ್ತಿರುವಾಗ, ವಿದೇಶಿ ಡಬ್ಬಿಯನ್ನೇ ಹುಡುಕಬೇಕೆಂದೇನೂ ಇಲ್ಲ. ಲೇಬಲ್ಲಿನಲ್ಲಿ ಸಕ್ಕರೆ ಬೆರೆಸಿಲ್ಲವೆಂಬುದನ್ನು ಮಾತ್ರ ನೋಡಿಕೊಳ್ಳಿ, ಹಾಲಿಗೆ ಬೆರೆಸುವ ಡ್ರಿಂಕಿಂಗ್ ಚಾಕೊಲೇಟ್ ಬೇರೆ, ಕೋಕೋ ಪುಡಿ ಬೇರೆ.

ಬರೀ ಬೆಲ್ಲ ಅಥವಾ ಖರ್ಜೂರ ಹಾಕಿದರೆ ಸಾಲದೇ ಎಂದು ಕೇಳುವವರು ಬಹಳ. ರುಚಿಯ ದೃಷ್ಟಿಯಿಂದ ಖರ್ಜೂರದ ಬ್ರೌನಿಯೇ ಇದಕ್ಕಿಂತ ಮೇಲು, ಅನುಮಾನವಿಲ್ಲ. ಆದರೆ ಖರ್ಜೂರದ ತೂಕದಲ್ಲಿ ಸರಿಸುಮಾರು ಮೂರನೆಯ ಎರಡು ಭಾಗ ಸಕ್ಕರೆಯೇ ಇರುತ್ತದೆ, ಬೆಲ್ಲದಲ್ಲಿ ಅದಕ್ಕಿಂತಲೂ ಹೆಚ್ಚು. ಮಧುಮೇಹಿಗಳಿಗೆ ‘ಬೆಲ್ಲ ಪರವಾಗಿಲ್ಲ’ ಎಂಬ ನಮ್ಮ ಊರುಗಳ ನಂಬಿಕೆಗೆ ಆಧಾರವಿಲ್ಲ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಜೋನಿ ಬೆಲ್ಲದಲ್ಲಿ ಕಾಲು ಭಾಗ ನೀರೆಂದು ಹಿಡಿದರೆ ಅದರಿಂದ 45 ಗ್ರಾಂ, ಚಾಕೊಲೇಟಿನಿಂದ 30 ಗ್ರಾಂ, ಒಟ್ಟು 75 ಗ್ರಾಂ ಸಕ್ಕರೆ. 16 ತುಂಡು ಮಾಡಿದರೆ ಒಂದಕ್ಕೆ 5 ಗ್ರಾಂಗಿಂತ ಕೊಂಚ ಕಡಿಮೆ. 225 ಗ್ರಾಂ ಸಕ್ಕರೆಯ ಹಳೆಯ ವಿಧಾನದಲ್ಲಿ ಚಾಕೊಲೇಟನ್ನು ಬಿಟ್ಟೇ ಒಂದು ತುಂಡಿಗೆ 14 ಗ್ರಾಂ ಆಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಇನ್ನೂ ಒಳ್ಳೆಯದೆಂದು ಹೇಳಿರುವ ಮಿತಿ ವಯಸ್ಕರಿಗೆ ದಿನಕ್ಕೆ ಸುಮಾರು 25 ಗ್ರಾಂ. ಹಾಗೆಂದು ಇದನ್ನು ‘ಶುಗರ್ ಫ್ರೀ’ ಎನ್ನಲಾಗದು, ಮೈದಾದ ಪಿಷ್ಟವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅತ್ತೆಯವರು ಊಟದ ನಂತರ ಒಂದೇ ತುಂಡು ತಿನ್ನುತ್ತಾರೆ.

ಹೊಟ್ಟೆಯ ವಿಷಯದಲ್ಲಿ ಈ ಮಿಶ್ರಣದ ಬಗ್ಗೆ ನಮಗೆ ದೂರಿಲ್ಲ. ಮಾಲ್ಟಿಟಾಲ್ ಎಂಬ ಇನ್ನೊಂದು ಶುಗರ್ ಆಲ್ಕೋಹಾಲ್ ಹಾಕಿದ ‘ಸಕ್ಕರೆರಹಿತ’ ಚಾಕೊಲೇಟುಗಳು ಎಬ್ಬಿಸುವ ಗ್ಯಾಸ್, ಗುಡುಗುಡು ಇದರಲ್ಲಿ ಕಾಣಲಿಲ್ಲ. ಹೃದಯದ ವಿಷಯ ಅಷ್ಟು ಸರಳವಲ್ಲ. 2023ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ರಕ್ತದಲ್ಲಿ ಎರಿತ್ರಿಟಾಲ್ ಪ್ರಮಾಣ ಹೆಚ್ಚಿರುವುದಕ್ಕೂ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯಕ್ಕೂ ನಂಟನ್ನು ಗುರುತಿಸಿತು. ನಮ್ಮ ದೇಹವೂ ಎರಿತ್ರಿಟಾಲನ್ನು ಸ್ವಲ್ಪಮಟ್ಟಿಗೆ ತಾನೇ ತಯಾರಿಸುವುದರಿಂದ, ಕಾರಣ ಯಾವುದು ಪರಿಣಾಮ ಯಾವುದು ಎಂಬುದು ಅಷ್ಟರಿಂದಲೇ ತೀರ್ಮಾನವಾಗುವುದಿಲ್ಲ. ಆದರೆ ಅದೇ ಸಂಶೋಧಕರು 30 ಗ್ರಾಂ ಕುಡಿಸಿ ನೋಡಿದಾಗ ರಕ್ತದಲ್ಲಿ ಅದರ ಮಟ್ಟ ಎರಡು ದಿನಕ್ಕೂ ಮೀರಿ ಹೆಚ್ಚಾಗಿಯೇ ಉಳಿದಿತ್ತು. ನಮ್ಮ ಬ್ರೌನಿಯ ಒಂದು ತುಂಡಿನಲ್ಲಿರುವುದು 5 ಗ್ರಾಂ. ಆದರೂ ಸ್ಟೆಂಟ್ ಹಾಕಿಸಿಕೊಂಡಿರುವ ಮಾವನವರಿಗೆ ಇದನ್ನು ಕೊಡುವುದನ್ನು ನಿಲ್ಲಿಸಿದ್ದೇವೆ. ಅವರಿಗೆ ಬೆಲ್ಲದ್ದೇ ಸಣ್ಣ ತುಂಡು, ಅಪರೂಪಕ್ಕೆ.

ಕೊಳ್ಳುವವರಿಗೆ ಒಂದೆರಡು ಮಾತು. ಬೆಲೆ ಸಕ್ಕರೆಯ ಹತ್ತು ಪಟ್ಟಿಗೂ ಮೇಲಿರುತ್ತದೆ. ಒಮ್ಮೆ ಅಗ್ಗವೆಂದು ತರಿಸಿದ ಬೇರೊಂದು ಕಂಪನಿಯ ಪೊಟ್ಟಣದಲ್ಲಿ ಮೊದಲ ಪದಾರ್ಥವೇ ಮಾಲ್ಟೋಡೆಕ್ಸ್‌ಟ್ರಿನ್ ಆಗಿತ್ತು. ಅದು ರಕ್ತದ ಸಕ್ಕರೆಯನ್ನು ಸರಸರನೆ ಏರಿಸುವ ಪಿಷ್ಟಜನ್ಯ ಪುಡಿ, ಮಧುಮೇಹಿಗಳಿಗೆಂದು ಮಾರುವ ವಸ್ತುವಿನಲ್ಲಿ ಅದಕ್ಕೇನು ಕೆಲಸವೋ ತಿಳಿಯದು. ಮನೆಯಲ್ಲಿ ನಾಯಿ ಇದ್ದರೆ ಜೈಲಿಟಾಲ್ ಎಂಬ ಶುಗರ್ ಆಲ್ಕೋಹಾಲ್ ಇರುವ ಮಿಶ್ರಣಗಳನ್ನು ತರಲೇಬೇಡಿ, ಅದು ನಾಯಿಗಳಿಗೆ ವಿಷ. ಚಾಕೊಲೇಟೂ ಅವುಗಳಿಗೆ ಸಲ್ಲದು. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ, ಕಡಿತವಾದ ಒಂದೂವರೆಯಲ್ಲಿ ಒಂದು ‘ಚಮಚಕ್ಕೆ ಚಮಚ’ ಎಂಬ ಭರವಸೆಗೆ, ಅರ್ಧ ಬೆಲೆಗೆ. ಹರಳಿನ ಬದಲು ನುಣ್ಣಗೆ ಪುಡಿ ಮಾಡಿದ ಬಗೆ ಈಗ ಸಿಗುತ್ತಿರುವುದರಿಂದ ಮುಂದಿನ ಬಾರಿ ಅದನ್ನೇ, ಅರ್ಧ ಕಿಲೋ ಮಾತ್ರ, ತರಿಸುವವಳಿದ್ದೇನೆ.