ಹಗುರ ಭಾರಕ್ಕೆ ನಕ್ಷತ್ರ ಹಾಕುವ ರೇಸ್ ಗೈಡ್: ತುಮಕೂರಿನ ಓದುಗನೊಬ್ಬನ ವಿಮರ್ಶೆ

ತುಮಕೂರಿನ ಬಸ್ ನಿಲ್ದಾಣದ ಆಸುಪಾಸಿನ ಪತ್ರಿಕೆ ಅಂಗಡಿಗಳಿಗೆ, ಬೆಂಗಳೂರಿನಲ್ಲಿ ಕುದುರೆ ರೇಸ್ ಇರುವ ದಿನದ ಹಿಂದಿನ ಸಂಜೆ ಬಂದು ಬೀಳುವ ಕನ್ನಡದ ರೇಸ್ ಗೈಡ್ ಒಂದನ್ನು ಸೀಸನ್ನಿನುದ್ದಕ್ಕೂ ಕೊಂಡು ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅದರ ಹೆಸರು ಹೇಳುವುದಿಲ್ಲ. ಇಂಥ ಗೈಡುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ತಯಾರಾಗುವುದರಿಂದ ಇಲ್ಲಿನ ಮಾತು ಉಳಿದವಕ್ಕೂ ಸಲ್ಲುತ್ತದೆ. ಮುದ್ರಣ ಚೊಕ್ಕಟವಾಗಿದೆ, ಕುದುರೆಗಳ ಹೆಸರುಗಳನ್ನು ತಡವರಿಸದೆ ಓದುವಂತೆ ಕನ್ನಡದಲ್ಲಿ ಕೊಟ್ಟಿದ್ದಾರೆ, ಪ್ರತಿ ಕುದುರೆಯ ತಂದೆ ತಾಯಿಯ ಹೆಸರೂ ಇದೆ. ಕುಣಿಗಲ್ಲಿನ ಕುದುರೆ ಫಾರಂ ಇರುವ ಜಿಲ್ಲೆಯಲ್ಲಿ ವಂಶಾವಳಿಯನ್ನು ಕುತೂಹಲದಿಂದ ನೋಡುವವರು ಕಡಿಮೆಯಿಲ್ಲ, ಹಾಗಾಗಿ ಇದು ಒಳ್ಳೆಯ ಯೋಚನೆ. ಬೆಲೆಯ ಬಗ್ಗೆಯೂ ತಕರಾರಿಲ್ಲ.

ತಕರಾರು ಇರುವುದು ಭಾರದ ಕಾಲಮ್ಮಿನ ಬಗ್ಗೆ. ಪ್ರತಿ ಹ್ಯಾಂಡಿಕ್ಯಾಪ್ ರೇಸಿನಲ್ಲಿ, ಅಂದರೆ ಒಳ್ಳೆಯ ಕುದುರೆಗೆ ಹೆಚ್ಚು, ಸಾಧಾರಣ ಕುದುರೆಗೆ ಕಡಿಮೆ ಭಾರ ಹೊರಿಸುವ ರೇಸಿನಲ್ಲಿ, ಕಡಿಮೆ ಭಾರ ಹೊತ್ತ ಎರಡು ಮೂರು ಕುದುರೆಗಳ ಮುಂದೆ ಈ ಗೈಡು ಒಂದು ನಕ್ಷತ್ರ ಹಾಕಿ, ‘ಹಗುರ ಭಾರ, ಹೊಡೆಯಬಹುದು’ ಎಂದು ಬರೆಯುತ್ತದೆ. ಮೇಲುನೋಟಕ್ಕೆ ಇದು ಸರಿಯೆನ್ನಿಸುತ್ತದೆ, ಏಕೆಂದರೆ ಅರವತ್ತು ಕಿಲೋ ಹೊತ್ತ ಕುದುರೆಗಿಂತ ಐವತ್ತೊಂದು ಕಿಲೋ ಹೊತ್ತದ್ದು ಸಲೀಸಾಗಿ ಓಡಬೇಕಲ್ಲವೇ? ಆದರೆ ಆ ಒಂಬತ್ತು ಕಿಲೋ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಗೈಡು ಒಮ್ಮೆಯೂ ಕೇಳುವುದಿಲ್ಲ.

ನಮ್ಮಲ್ಲಿ ಕುದುರೆಗಳನ್ನು ರೇಟಿಂಗಿನ, ಅಂದರೆ ಹಿಂದಿನ ಓಟಗಳನ್ನು ನೋಡಿ ಕೊಡುವ ಅಂಕದ, ಆಧಾರದ ಮೇಲೆ ಕ್ಲಾಸುಗಳಾಗಿ ವಿಂಗಡಿಸುತ್ತಾರೆ. ಬೆಂಗಳೂರಿನಲ್ಲಿ 20ರಿಂದ 45ರವರೆಗಿನ ರೇಟಿಂಗ್ ನಾಲ್ಕನೇ ಕ್ಲಾಸಾದರೆ, 40ರಿಂದ 65ರವರೆಗಿನದು ಮೂರನೇ ಕ್ಲಾಸು. ಒಂದು ಪಾಯಿಂಟಿಗೆ ಅರ್ಧ ಕಿಲೋ ಎಂಬ ಲೆಕ್ಕದಲ್ಲಿ ಹ್ಯಾಂಡಿಕ್ಯಾಪರ್ ಭಾರ ಹಂಚುತ್ತಾನೆ. ಕುದುರೆ ಓಡಿಸುವ ಜಾಕಿಯ ಮೈತೂಕ ಮತ್ತು ಜೀನು ಸೇರಿಯೂ ಆ ಭಾರ ತುಂಬದಿದ್ದರೆ ಸೀಸದ ತಗಡುಗಳನ್ನು ಇಟ್ಟು ತುಂಬಿಸುತ್ತಾರೆ, ಓಟ ಮುಗಿದ ಮೇಲೆ ಜಾಕಿಯನ್ನು ಜೀನಿನ ಸಮೇತ ಮತ್ತೆ ತೂಗುತ್ತಾರೆ. ಹೀಗಿರುವಾಗ ಒಂಬತ್ತು ಕಿಲೋ ಕಡಿಮೆ ಹೊತ್ತ ಕುದುರೆಯೆಂದರೆ, ಹಿಂದಿನ ಓಟಗಳನ್ನು ನೋಡಿ ಹದಿನೆಂಟು ಪಾಯಿಂಟಿನಷ್ಟು ಕೆಳಗೆ ಎಂದು ತೀರ್ಮಾನವಾದ ಕುದುರೆ. ನಕ್ಷತ್ರ ಪಡೆದ ಕುದುರೆಯ ಹಿಂದಿನ ಓಟಗಳ ಸಾಲನ್ನು ಅದೇ ಪುಟದಲ್ಲಿ ನೋಡಿದರೆ ಸಾಲುಸಾಲಾಗಿ ಏಳು, ಒಂಬತ್ತು, ಎಂಟು ಎಂಬ ಸ್ಥಾನಗಳೇ ಕಾಣುತ್ತವೆ. ಗೈಡಿನ ಒಂದು ಕಾಲಮ್ಮು ಇನ್ನೊಂದು ಕಾಲಮ್ಮಿನ ಮಾತನ್ನು ಕೇಳಿಸಿಕೊಂಡೇ ಇಲ್ಲ.

ಭಾರ ಹಂಚುವುದರ ಉದ್ದೇಶ ಎಲ್ಲ ಕುದುರೆಗಳಿಗೂ ಗೆಲ್ಲುವ ಅವಕಾಶವನ್ನು ಸಮ ಮಾಡುವುದು. ಇಂಗ್ಲೆಂಡಿನಲ್ಲಿ 1855ರಲ್ಲಿ ಸಾರ್ವಜನಿಕ ಹ್ಯಾಂಡಿಕ್ಯಾಪರ್ ಆದ ಅಡ್ಮಿರಲ್ ಹೆನ್ರಿ ರೌಸ್‌ನ ಕಾಲದಿಂದಲೂ ಇದೇ ಗುರಿ. ಆದರೂ ಹಲವು ದೇಶಗಳ ಫಲಿತಾಂಶಗಳನ್ನು ಒಟ್ಟು ಹಾಕಿ ನೋಡಿದವರಿಗೆಲ್ಲ ಮತ್ತೆ ಮತ್ತೆ ಕಂಡದ್ದೇನೆಂದರೆ, ಪಟ್ಟಿಯ ಮೇಲ್ತುದಿಯಲ್ಲಿ ಹೆಚ್ಚು ಭಾರ ಹೊತ್ತ ಕುದುರೆಗಳು ಕೆಳತುದಿಯ ಹಗುರ ಕುದುರೆಗಳಿಗಿಂತ ಹೆಚ್ಚು ಸಲ ಗೆಲ್ಲುತ್ತವೆ. ಭಾರ ಕುದುರೆಯನ್ನು ಓಡಿಸುತ್ತದೆ ಎಂದು ಇದರ ಅರ್ಥವಲ್ಲ. ಒಳ್ಳೆಯ ಕುದುರೆಗೆ ಭಾರ ಹೆಚ್ಚು ಬೀಳುತ್ತದೆ, ಆದರೆ ಬಿದ್ದ ಭಾರ ಅದರ ಒಳ್ಳೆಯತನವನ್ನು ಪೂರ್ತಿ ಅಳಿಸುವಷ್ಟಿರುವುದಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್ ಕಪ್ ಕೂಡ ಹ್ಯಾಂಡಿಕ್ಯಾಪ್ ರೇಸೇ. ಅದರಲ್ಲಿ ಕಾರ್ಬೈನ್ ಎಂಬ ಕುದುರೆ 1890ರಲ್ಲಿ ಸುಮಾರು 66 ಕಿಲೋ ಹೊತ್ತು ಗೆದ್ದಿತು. ಫಾರ್ ಲ್ಯಾಪ್ 1930ರಲ್ಲಿ 62.5 ಕಿಲೋ ಹೊತ್ತು ಗೆದ್ದು, ಮರುವರ್ಷ 68 ಕಿಲೋ ಹೊರಿಸಿದಾಗ ಎಂಟನೆಯದಾಗಿ ಬಂತು. ಎಂಥ ಕುದುರೆಗೂ ಒಂದು ಮಿತಿ ಇದೆ, ಆದರೆ ಆ ಮಿತಿ ನಮ್ಮ ಗೈಡು ಊಹಿಸುವುದಕ್ಕಿಂತ ಬಹಳ ಮೇಲಿದೆ.

ಭಾರ ನಿಜವಾಗಿ ಕೈಹಿಡಿಯುವುದು ಎರಡು ಕುದುರೆಗಳು ಮತ್ತೆ ಎದುರಾದಾಗ. 1200 ಮೀಟರಿನ ಓಟದಲ್ಲಿ ಸಮ ಭಾರ ಹೊತ್ತ ಎರಡು ಕುದುರೆಗಳ ಪೈಕಿ ಒಂದು ಇನ್ನೊಂದನ್ನು ಎರಡು ಲೆಂತ್‌ನಿಂದ (ಒಂದು ಲೆಂತ್ ಎಂದರೆ ಒಂದು ಕುದುರೆಯ ಮೈಯುದ್ದ) ಸೋಲಿಸಿತು ಎಂದುಕೊಳ್ಳೋಣ. ಗೆದ್ದದ್ದರ ರೇಟಿಂಗ್ ಎಂಟು ಪಾಯಿಂಟ್ ಏರಿದರೆ ಮುಂದಿನ ಸಲ ಅದು ನಾಲ್ಕು ಕಿಲೋ ಹೆಚ್ಚು ಹೊರುತ್ತದೆ. ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ಲೆಕ್ಕದಂತೆ ಈ ದೂರಕ್ಕೆ ಒಂದು ಲೆಂತ್ ಎಂದರೆ ಒಂದು ಕಿಲೋಗಿಂತ ತುಸು ಹೆಚ್ಚು; ಅಂದರೆ ನಾಲ್ಕು ಕಿಲೋಗೆ ಸುಮಾರು ಮೂರೂವರೆ ಲೆಂತ್. ಕಾಗದದ ಮೇಲೆ ಈ ಸಲ ಸೋತ ಕುದುರೆಯೇ ಒಂದೂವರೆ ಲೆಂತ್ ಮುಂದಿರಬೇಕು. ಐನೂರು ಕಿಲೋ ಆಸುಪಾಸಿನ ಪ್ರಾಣಿಗೆ ನಾಲ್ಕು ಕಿಲೋ ಎಂದರೆ ನೂರಕ್ಕೆ ಒಂದರಷ್ಟೂ ಆಗುವುದಿಲ್ಲವಾದರೂ, ಒಂದು ಮೂಗಿನಷ್ಟು ಅಂತರದಲ್ಲಿ ತೀರ್ಮಾನವಾಗುವ ಆಟದಲ್ಲಿ ಅದು ಚಿಲ್ಲರೆ ಸಂಗತಿಯಲ್ಲ. ದೂರ ಹೆಚ್ಚಿದಂತೆ ಅದೇ ಭಾರ ಇನ್ನೂ ದುಬಾರಿಯಾಗುತ್ತದೆ: 3200 ಮೀಟರಿಗೆ ಒಂದು ಲೆಂತ್ ಎಂದರೆ ಅರ್ಧ ಕಿಲೋ ಕೂಡ ಇಲ್ಲ. ಸುಮಾರು ಏಳು ಕಿಲೋಮೀಟರ್ ಓಡಿ ಬೇಲಿಗಳನ್ನು ಹಾರಬೇಕಾದ ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ, 1973ರಲ್ಲಿ ಕ್ರಿಸ್ಪ್ ಎಂಬ ಕುದುರೆ ರೆಡ್ ರಮ್‌ಗಿಂತ ಹತ್ತು ಕಿಲೋಗೂ ಹೆಚ್ಚು ಭಾರ ಹೊತ್ತು, ಬಹುದೂರ ಮುಂದಿದ್ದು, ಕೊನೆಯ ಹೆಜ್ಜೆಗಳಲ್ಲಿ ಮುಕ್ಕಾಲು ಲೆಂತ್‌ನಿಂದ ಸೋತಿತು.

ಈ ಹೋಲಿಕೆಗೆ ಬೇಕಾದ ಸಾಮಗ್ರಿಯ ಮುಕ್ಕಾಲು ಪಾಲು ಗೈಡಿನಲ್ಲೇ ಇದೆ ಎಂಬುದೇ ಬೇಸರದ ವಿಷಯ. ಹಿಂದಿನ ಓಟಗಳ ದೂರ, ಅಂದು ಹೊತ್ತ ಭಾರ, ಸೋತ ಅಂತರ ಮೂರನ್ನೂ ಕೊಟ್ಟಿದ್ದಾರೆ. ಅಂದಿನ ರೇಟಿಂಗ್ ಎಷ್ಟಿತ್ತು ಎಂಬುದನ್ನು ಮಾತ್ರ ಬಿಟ್ಟಿದ್ದಾರೆ. ಗೆದ್ದ ಕುದುರೆ ಜಾಕಿಯ ಕೈಯಲ್ಲಿ ಸಲೀಸಾಗಿ ಬಂತೋ, ಚಾಟಿ ಏಟು ತಿಂದು ಉಸಿರುಗಟ್ಟಿ ಬಂತೋ ಎಂಬ ಒಂದು ಸಾಲೂ ಇಲ್ಲ. ಸಲೀಸಾಗಿ ಬಂದಿದ್ದರೆ ಮೇಲೆ ಮಾಡಿದ ಎರಡು ಲೆಂತ್‌ನ ಲೆಕ್ಕವೇ ಸುಳ್ಳು. ಎಳೆಯ ಕುದುರೆಗಳಲ್ಲಿ ಇದು ಮೇಲಿಂದ ಮೇಲೆ ಆಗುತ್ತದೆ. ಅವುಗಳ ಬೆಳವಣಿಗೆ ರೇಟಿಂಗಿಗಿಂತ ಮುಂದೆ ಓಡುತ್ತಿರುತ್ತದೆ. ಇನ್ನು ಪಟ್ಟಿಯ ಕೊನೆಯಲ್ಲಿ, ಆ ಕ್ಲಾಸಿನ ರೇಟಿಂಗಿಗಿಂತ ಕೆಳಗಿದ್ದೂ ಪ್ರವೇಶ ಪಡೆದ ಕುದುರೆಗಳು ಕನಿಷ್ಠ ಭಾರವನ್ನು ಹೊರಲೇಬೇಕು. ಅಂದರೆ ಗೈಡು ‘ಹಗುರ’ ಎಂದು ನಕ್ಷತ್ರ ಹಾಕಿದ ಕುದುರೆ ತನ್ನ ಪಾಲಿಗೆ ಬರಬೇಕಾದದ್ದಕ್ಕಿಂತ ಹೆಚ್ಚೇ ಹೊತ್ತಿರುತ್ತದೆ. ಅಪ್ರೆಂಟಿಸ್ ಜಾಕಿಗೆ, ಅಂದರೆ ಇನ್ನೂ ಕಲಿಯುತ್ತಿರುವ ಸವಾರನಿಗೆ, ಭಾರದಲ್ಲಿ ಸಿಗುವ ರಿಯಾಯಿತಿಯನ್ನು ಮಾತ್ರ ಸರಿಯಾಗಿ ಕಳೆದು ತೋರಿಸಿದ್ದಾರೆ, ಆದರೆ ಭಾರ ಇಳಿದಾಗ ಅನುಭವವೂ ಇಳಿಯುತ್ತದೆ ಎಂಬುದನ್ನು ಓದುಗನೇ ನೆನಪಿಟ್ಟುಕೊಳ್ಳಬೇಕು.

ಕುದುರೆ ರೇಸು ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ನೋಡುವವನ ಕೌಶಲವೇನಾದರೂ ಇದ್ದರೆ ಅದು ಇಂಥ ಕಾಲಮ್ಮುಗಳನ್ನು ಕೂಡಿಸಿ ಓದುವುದರಲ್ಲಿದೆ, ನಕ್ಷತ್ರ ನೋಡಿ ದುಡ್ಡು ಕಟ್ಟುವುದರಲ್ಲಿ ಇಲ್ಲ. ಹ್ಯಾಂಡಿಕ್ಯಾಪ್ ಅಲ್ಲದ ಡರ್ಬಿಯಂಥ ದೊಡ್ಡ ರೇಸುಗಳಲ್ಲಿ ಹೆಣ್ಣು ಕುದುರೆಗೆ ಸಿಗುವ ರಿಯಾಯಿತಿ ಬಿಟ್ಟರೆ ಎಲ್ಲಕ್ಕೂ ಒಂದೇ ಭಾರ. ಅಂಥ ರೇಸಿನಲ್ಲೂ ಗೈಡು ಹೆಣ್ಣು ಕುದುರೆಗೆ ‘ಹಗುರ’ ಎಂದು ಗುರುತು ಹಾಕಿದ್ದನ್ನು ಕಂಡಾಗ ನಗು ತಡೆಯಲಾಗಲಿಲ್ಲ.

ಕನ್ನಡದಲ್ಲಿ ಹೆಸರು, ವಂಶಾವಳಿ, ಹಿಂದಿನ ಸ್ಥಾನಗಳು ಒಂದೆಡೆ ಬೇಕೆನ್ನುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು, ನಕ್ಷತ್ರಗಳ ಮೇಲೆ ಮಾತ್ರ ಪೆನ್ಸಿಲಿನಿಂದ ಗೀಟು ಎಳೆದುಬಿಡಿ. ಹಿಂದಿನ ಓಟದ ಭಾರದ ಪಕ್ಕದಲ್ಲಿ ಅಂದಿನ ರೇಟಿಂಗನ್ನೂ ಅಚ್ಚು ಹಾಕುವವರೆಗೆ, ಭಾರದ ವಿಷಯಕ್ಕೆ ನಾನು ರೇಸ್ ನಡೆಸುವ ಕ್ಲಬ್ಬಿನ ರೇಸ್ ಕಾರ್ಡನ್ನೇ ನೋಡುತ್ತೇನೆ.